ಅಮೀರಸಾಬರ ಮನೆ ಕೊನೆಯದು

ಧಾರಾವಿಯ ಚರ್ಮದ ಕಾರ್ಖಾನೆಗಳ ಹಿಂದಿನ ಗಲ್ಲಿಗೆ ಇನ್ನೂ ಬೆಳಕು ಹರಿದಿಲ್ಲ. ಅಮೀರಸಾಬರು ಬಿದಿರಿನ ಕೋಲಿನಿಂದ ತಗಡಿನ ಬಾಗಿಲೊಂದನ್ನು ಮೆಲ್ಲಗೆ ತಟ್ಟುತ್ತಾರೆ. "ಸರ್ದಾರ, ಏಳಪಾ, ಸೆಹ್ರಿ ಹೊತ್ತಾತು." ಒಳಗಿನಿಂದ "ಹೂಂ, ಎದ್ದೇನಿ ಚಾಚಾ" ಎಂಬ ದನಿ ಬರುವವರೆಗೆ ಅವರು ಮುಂದಿನ ಬಾಗಿಲಿಗೆ ಹೋಗುವವರಲ್ಲ. ರಂಜಾನ್ ತಿಂಗಳಿನಲ್ಲಿ ಉಪವಾಸ ಹಿಡಿಯುವವರು ನಸುಕಿಗೆ ಮುನ್ನ ಉಣ್ಣುವ ಆ ಊಟ ಯಾರಿಗೂ ತಪ್ಪದಂತೆ ಕಾಯುವುದು ಅವರು ತಾವಾಗಿ ಹೊತ್ತ ಕೆಲಸ.

ಈ ವರ್ಷ ಗಲ್ಲಿಗೆಲ್ಲ ಉಪವಾಸವಿದೆ, ಅವರಿಗಿಲ್ಲ.

ಅಮೀರಸಾಬರು ಬಿಜಾಪುರದ ಕಡೆಯವರು; ಹಗಲೆಲ್ಲ ಚಪ್ಪಲಿಗೆ ಅಟ್ಟೆ ಕತ್ತರಿಸುತ್ತಾರೆ. ಊರಿನಲ್ಲಿ ಅವರ ತಂದೆಯೂ ಓಣಿಯನ್ನು ಎಬ್ಬಿಸುತ್ತಿದ್ದರು. ಓಣಿಯೆಲ್ಲ ಎದ್ದ ಮೇಲೆಯೇ ತನ್ನ ಮನೆ ಎಂಬುದು ತಂದೆಯ ಕಟ್ಟುಪಾಡು. ಊರಿನ ಓಣಿ ಚಿಕ್ಕದಾಗಿತ್ತು, ಸಾಗಿತು. ಧಾರಾವಿಯ ಗಲ್ಲಿಗೋ ವರ್ಷವರ್ಷವೂ ಹೊಸ ಬಾಗಿಲುಗಳು ಹುಟ್ಟುತ್ತವೆ.

"ಮನೀಗೆ ಬರೂದ್ರಾಗ ಅಜಾನ್ ಕೂಗೇ ಬಿಡ್ತಿತ್ರಿ. ಎರಡ ಗುಟುಕ ನೀರು ಸಿಕ್ಕರ ಅದ ನಸೀಬ," ಎನ್ನುತ್ತಾರೆ ಅವರು; ಅಜಾನ್ ಕೂಗಿದ ಮೇಲೆ ಉಣ್ಣುವಂತಿಲ್ಲ.

ಬೆಳಗಿನ ಊಟ ತಪ್ಪಿದ್ದನ್ನು ಸಂಜೆ ತುಂಬಿಕೊಳ್ಳುತ್ತಿದ್ದರು: ಉಪವಾಸ ಬಿಟ್ಟೊಡನೆ ಭಜಿ, ಶರಬತ್ತು, ಮಲಗುವ ಮುನ್ನ ಹೊಟ್ಟೆ ಬಿರಿಯುವಷ್ಟು ಅನ್ನ. ಸಕ್ಕರೆ ಕಾಯಿಲೆ ಇದ್ದರೂ ಮಾತ್ರೆ ನುಂಗುತ್ತ ಹಾಗೆಯೇ ನಡೆಸಿದರು. ಕಳೆದ ರಂಜಾನಿನ ಒಂದು ಮಧ್ಯಾಹ್ನ ಕಣ್ಣು ಕತ್ತಲಿಟ್ಟು, ಅಟ್ಟೆ ಕತ್ತರಿಸುತ್ತಿದ್ದಲ್ಲೇ ಕುಸಿದರು.

ಈ ರಂಜಾನಿಗೆ ಮುನ್ನ ಕೇಳಲು ಹೋದಾಗ ದವಾಖಾನೆಯ ಡಾಕ್ಟರು ಗದರಲಿಲ್ಲ, ಬಿಡಿಸಿ ಹೇಳಿದರು. ನಸುಕಿನ ಊಟ ಬಿಟ್ಟು ಅದನ್ನೆಲ್ಲ ರಾತ್ರಿಗೆ ಹೇರಿದರೆ ಈ ಮೈ ತಡೆಯದು. ಈ ವರ್ಷ ಉಪವಾಸ ಬೇಡ. ನಸುಕಿನಲ್ಲಿ ಜೋಳದ ರೊಟ್ಟಿ, ಬೇಳೆ, ಸಂಜೆ ಹಗುರವಾದ ಊಟ. ವರ್ಷವಿಡೀ ಸಕ್ಕರೆ ಹಿಡಿತದಲ್ಲಿದ್ದರೆ ಮುಂದಿನ ರಂಜಾನಿಗೆ ಮಾತ್ರೆಯ ಹೊತ್ತು ಬದಲಿಸಿ ನೋಡೋಣ, ಆದರೆ ನಸುಕಿನ ಊಟ ತಪ್ಪಕೂಡದು ಎಂದರು. ನಿಮ್ಮ ಮನೆಯಿಂದಲೇ ಸುತ್ತು ಶುರುಮಾಡಿ ಎಂದೂ ಸೂಚಿಸಿದರು.

ಆ ಕೊನೆಯ ಮಾತೊಂದು ಅಮೀರಸಾಬರ ಗಂಟಲಿಗಿಳಿಯದು. "ಎಬ್ಬಸಾಂವ ತಾನ ಮೊದಲ ಉಂಡ್ರ ಹೆಂಗ್ರಿ?"

"ಊರಿಗೆಲ್ಲಾ ಉಣಸತಾರ, ಮನ್ಯಾಗಿನ ರೊಟ್ಟಿ ಆರಸತಾರ," ಎಂದು ಒಲೆಯ ಬಳಿಯಿಂದ ಹೆಂಡತಿ ಹಲೀಮಾ ಚುಚ್ಚುತ್ತಾರೆ. ಆದರೂ ಗಂಡನ ಕೈಗೆ ಬಿಸಿ ರೊಟ್ಟಿಯ ತಟ್ಟೆ ಕೊಟ್ಟು, ಅದು ಬರಿದಾಗುವವರೆಗೆ ಕದಲುವುದಿಲ್ಲ.

ಸಂಜೆ ಗಲ್ಲಿ ಖರ್ಜೂರ ಹಿಡಿದು ಅಜಾನಿಗೆ ಕಿವಿಗೊಟ್ಟು ಕೂತಾಗ ಅಮೀರಸಾಬರೂ ಹೋಗಿ ಕೂರುತ್ತಾರೆ. ಮಧ್ಯಾಹ್ನ ಉಂಡವರಾದ್ದರಿಂದ ಸಾಲಿನ ತುದಿಯಲ್ಲಿ. ಖರ್ಜೂರ ಕೈಯಲ್ಲೇ ಉಳಿಯುತ್ತದೆ.

ಮುಂದಿನ ರಂಜಾನಿಗೆ ಏನು ಬೇಕೆಂದು ಕೇಳಿದರೆ, ಅವರು ಕೋಲನ್ನು ಗೋಡೆಗೆ ಒರಗಿಸುತ್ತಾರೆ.

"ಒಂದ ದಿನಾ ನಾ ಮಲಗಿರಬೇಕ್ರಿ. ಯಾರರ ಬಂದು ನನ್ನ ಬಾಗಲಾ ಬಡೀಬೇಕು, ಹೆಸರ ಹಿಡದು ಕರೀಬೇಕು. ನಾ ಒಳಗಿಂದ 'ಹೂಂ, ಎದ್ದೇನಿ' ಅನಬೇಕು."