ಅರ್ಧ ಮಿಲಿಮೀಟರ್

ಬೋರ್ಡಿನ ಮೇಲೆ ತಮ್ಮನ ಹೆಸರಿದ್ದರೂ ಆ ಕಂಪ್ಯೂಟರ್ ರಿಪೇರಿ ಅಂಗಡಿಯನ್ನು ಬೀದಿಯವರೆಲ್ಲ ಅಕ್ಕನ ಅಂಗಡಿ ಎಂದೇ ಕರೆಯುತ್ತಿದ್ದರು. ಮುಂದಿನ ಕೌಂಟರಿನಲ್ಲಿ ನಿಂತು ಗಿರಾಕಿಗಳ ಜೊತೆ ಮಾತಾಡುವವನು ತಮ್ಮ. ಕೆಲಸ ನಡೆಯುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ. ಅಲ್ಲಿ ಕಿಟಕಿಯ ಪಕ್ಕ ಉದ್ದನೆಯ ಮೇಜು, ಮೇಜಿನ ಮೇಲೆ ಬಗ್ಗುವ ಕತ್ತಿನ ದೀಪ, ದೀಪದ ಕೆಳಗೆ ಅಕ್ಕನ ತಲೆ. ಹದಿನೇಳು ವರ್ಷ ಆ ತಲೆ ಅಲ್ಲಿಂದ ಹೆಚ್ಚು ಕದಲಿರಲಿಲ್ಲ. ಐವತ್ತೊಂದು ವಯಸ್ಸಾಗಿತ್ತು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ನೀವು ಯಾವ ಮೆಷಿನ್ ರಿಪೇರಿಗೆ ತಂದಿದ್ದೀರಿ?" ಎಂದು ತಿರುಗಿ ಕೇಳುತ್ತಿದ್ದಳು.

ನಾನು ಆ ಬೀದಿಯಲ್ಲಿ ಬಹಳ ಕಾಲ ವಾಸವಾಗಿದ್ದೆ. ಅಕ್ಕನನ್ನು ಒಳ್ಳೆಯವಳೆಂದು ತೋರಿಸುವ ಉದ್ದೇಶ ನನಗಿಲ್ಲ. ಕೆಲಸದಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ, ಅಷ್ಟು ಹೇಳಿದರೆ ಸಾಕು.

ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕೆಲಸ ಮಾಡುತ್ತ ಮಾಡುತ್ತ ವಿಪರೀತ ಕಾಯುತ್ತದೆ. ಆ ಬಿಸಿಯನ್ನು ಹೀರಲು ಅದರ ಮೇಲೆ ಕೂಲರ್ ಕೂರಿಸಿರುತ್ತಾರೆ: ಲೋಹದ ತೆಳು ರೆಕ್ಕೆಗಳ ಸಾಲು, ಅದರ ಮೇಲೆ ಫ್ಯಾನು. ನಡುವಿನ ದೊಡ್ಡ ಚಿಪ್ ಕೂಲರಿಗೆ ನೇರವಾಗಿ ತಾಗಬೇಕು. ಸುತ್ತಲಿನ ಸಣ್ಣ ಚಿಪ್‌ಗಳು ಗಿಡ್ಡ. ಅವುಗಳಿಗೂ ಕೂಲರಿಗೂ ಮಧ್ಯೆ ರಬ್ಬರಿನಂಥ ಮೆತ್ತನೆಯ ಪ್ಯಾಡ್ ಇಡುತ್ತಾರೆ. ಪ್ಯಾಡ್ ತೆಳುವಾದರೆ ಸಣ್ಣ ಚಿಪ್‌ಗಳಿಗೆ ಕೂಲರ್ ತಾಗದು. ದಪ್ಪವಾದರೆ ಅದು ಕೂಲರನ್ನೇ ಎತ್ತಿ ಹಿಡಿದುಬಿಡುತ್ತದೆ, ದೊಡ್ಡ ಚಿಪ್ ಬೇಯುತ್ತದೆ. ಕೂದಲೆಳೆಯ ಲೆಕ್ಕ ಅದು. ಅಕ್ಕ ಹಳೆಯ ಪ್ಯಾಡನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ, "ಒಂದು" ಎಂದರೆ ಒಂದು ಮಿಲಿಮೀಟರ್, "ಎರಡು" ಎಂದರೆ ಎರಡು. ಕೌಂಟರಿನಿಂದಲೇ ತಮ್ಮ "ಅಕ್ಕ, ಎಷ್ಟು ದಪ್ಪ ತರಿಸಲಿ?" ಎಂದು ಕೂಗುವನು. ಅವಳು ಹೇಳಿದ್ದನ್ನು ಆ ಅಂಗಡಿಯಲ್ಲಿ ಯಾರೂ ಮತ್ತೆ ಅಳೆದು ನೋಡಿದವರಲ್ಲ. ಅವಳಿಗೆ ಆಸ್ತಿ ಅಂತ ಇದ್ದದ್ದು ಅದೊಂದೇ.

ತಮ್ಮನಿಗೆ ನಲವತ್ತೆರಡರಲ್ಲಿ ಮದುವೆಯಾಯಿತು. ಹುಡುಗಿ ಅಲ್ಲಿಯವರೆಗೆ ಕಟ್ಟುಹಲ್ಲು ತಯಾರಿಸುವ ಕಡೆ ಕೆಲಸದಲ್ಲಿದ್ದವಳು. ಮನೆಯಲ್ಲಿ ಕೂತು ಬೇಸರವಾಗುತ್ತದೆ ಎಂದು ಅಂಗಡಿಗೆ ಬರತೊಡಗಿದಳು. ಮೊದಲ ತಿಂಗಳು ಧೂಳು ಒರೆಸಿದಳು, ಎರಡನೆಯ ತಿಂಗಳು ಸ್ಕ್ರೂ ಬಿಚ್ಚಿದಳು, ಆರನೆಯ ತಿಂಗಳಿಗೆ ಮೇಜಿನ ಇನ್ನೊಂದು ತುದಿಯಲ್ಲಿ ಎರಡನೆಯ ದೀಪ ಬಂತು.

"ಇವಳ ಕೈ ನೋಡಕ್ಕ, ಚೂರೂ ಅಲುಗಲ್ಲ," ಎಂದ ತಮ್ಮ.

"ಹಲ್ಲಿಗೂ ಚಿಪ್‌ಗೂ ವ್ಯತ್ಯಾಸ ಗೊತ್ತಾದ್ಮೇಲೆ ಹೇಳು," ಎಂದಳು ಅಕ್ಕ.

"ಹಲ್ಲೇ ಕಷ್ಟ ಅಕ್ಕ," ಎಂದು ತಮ್ಮನ ಹೆಂಡತಿ ನಕ್ಕಳು. "ಸರಿ ಕೂರದಿದ್ರೆ ಹಲ್ಲಿನ ಯಜಮಾನ್ರು ಬಂದು ಬೈತಾರೆ. ಕಾರ್ಡ್ ಬೈಯಲ್ವಲ್ಲ."

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ಅಕ್ಕ ನಗಲಿಲ್ಲ. ಆ ಹುಡುಗಿಯ ಬೆನ್ನ ಹಿಂದೆ ಅವಳನ್ನು ಹಲ್ಲಮ್ಮ ಎಂದು ಕರೆಯತೊಡಗಿದಳು. ಹೊಟ್ಟೆಕಿಚ್ಚಿಗೆ ನೋವು, ಒಂಟಿತನ ಎಂದೆಲ್ಲ ಬೇರೆ ಹೆಸರಿಡುವುದು ಈಗ ರೂಢಿಯಾಗಿದೆ. ಇದು ಹೊಟ್ಟೆಕಿಚ್ಚು. ತಮ್ಮನ ಹೆಂಡತಿ ಬೇಗ ಕೆಲಸ ಮುಗಿಸಿದರೆ ಅಕ್ಕ ಅವಸರ ಎನ್ನುವಳು, ನಿಧಾನ ಮಾಡಿದರೆ ಸೋಮಾರಿತನ ಎನ್ನುವಳು. ಅವಳು ಬೆಳಕಿಗೆ ಅಡ್ಡ ಕೂರುತ್ತಾಳೆಂದು ದೂರಿದಳು. ಬೆಳಕು ಬರುತ್ತಿದ್ದದ್ದು ಅಕ್ಕನ ಪಕ್ಕದ ಕಿಟಕಿಯಿಂದ.

ಹೀಗಿರುವಾಗ ಒಂದು ಬೆಳಿಗ್ಗೆ ನಕ್ಷೆಯವರು ಬಂದರು. ಕಟ್ಟಡ ಏಳುವ ಮೊದಲೇ ಅದು ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ಬಿಡಿಸಿ ತೋರಿಸುವ ವೃತ್ತಿ ಅವರದು. ಅವರು ತಂದ ಕಾರ್ಡಿಗೆ ಹತ್ತು ವರ್ಷವಾಗಿತ್ತು. ಅವರ ಚಿತ್ರದ ಸಾಫ್ಟ್‌ವೇರೂ ಅಷ್ಟೇ ಹಳೆಯದು, ಹೊಸ ಕಾರ್ಡಿಗೆ ಒಗ್ಗುತ್ತಿರಲಿಲ್ಲ.

"ಫ್ಯಾನು ಕಾಫಿಪುಡಿ ಮೆಷಿನ್ ಥರ ಅರೀತಾ ಇದೆ," ಎಂದರು. "ನಾಡಿದ್ದು ಶಾಲೆ ಕಟ್ಟಡದ ಚಿತ್ರ ಕೊಡಬೇಕು. ಇದು ಹೋದ್ರೆ ನಾನೂ ಹೋದ ಹಾಗೆ."

ಆ ಕಾರ್ಡಿನ ಕೂಲರ್ ಮಾರುಕಟ್ಟೆಯಲ್ಲಿ ಸಿಗುವುದು ನಿಂತು ಎಷ್ಟೋ ಕಾಲವಾಗಿತ್ತು. ಅದೇ ಕಂಪನಿಯ ಬೇರೊಂದು ಕಾರ್ಡಿನ ಕೂಲರ್ ಸ್ಕ್ರೂ ತೂತುಗಳಿಗೆ ಸರಿಹೊಂದುತ್ತದೆ ಎಂದು ತಮ್ಮ ಹೇಳಿದ; ಅಂಥದೊಂದು ಅಂಗಡಿಯಲ್ಲೇ ಇತ್ತು. ಅಕ್ಕ ಒರೆಸಿದ ಕೈ ಚಾಚಿದಳು. ಹತ್ತು ವರ್ಷದಿಂದ ಆ ಕಾರ್ಡನ್ನು ತೆರೆದದ್ದು ಅವಳೊಬ್ಬಳೇ.

ನಕ್ಷೆಯವರು ಕಾರ್ಡನ್ನು ಆ ಕೈ ದಾಟಿಸಿ ಮೇಜಿನ ಆಚೆ ತುದಿಗೆ ಇಟ್ಟರು. "ಈ ಸಲ ಇವರು ಮಾಡ್ಲಿ. ನನ್ನ ಇನ್ನೊಂದು ಮೆಷಿನ್ನು ಮಾಡಿಕೊಟ್ರಲ್ಲ, ಓಡ್ತಿದೆಯೋ ಇಲ್ವೋ ಅಂತ ಮುಟ್ಟಿ ನೋಡಬೇಕು, ಅಷ್ಟು ಮೆತ್ತಗೆ."

ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅಕ್ಕ ಚಾಚಿದ ಕೈಯಿಂದ ಸ್ಕ್ರೂಡ್ರೈವರ್ ಎತ್ತಿಕೊಂಡು, ಅದನ್ನೇ ಎತ್ತಿಕೊಳ್ಳಲು ಚಾಚಿದವಳಂತೆ ತನ್ನ ಜಾಗಕ್ಕೆ ತಿರುಗಿದಳು.

ತಮ್ಮನ ಹೆಂಡತಿ ಅಚ್ಚುಕಟ್ಟಾಗಿ ಕೆಲಸ ಮಾಡಿದಳು. ಹಳೆಯ ಕೂಲರ್ ಬಿಚ್ಚಿದಳು. ಪ್ಯಾಡ್‌ಗಳು ಒಣಗಿ ಪುಡಿಪುಡಿಯಾಗಿದ್ದವು, ಅವುಗಳ ದಪ್ಪ ತಿಳಿಯುವಂತಿರಲಿಲ್ಲ. ದೊಡ್ಡ ಚಿಪ್‌ನ ಬಿಸಿ ಕೂಲರಿಗೆ ದಾಟಲೆಂದು ಬಳಿದಿದ್ದ ಪೇಸ್ಟೂ ಒಣಗಿತ್ತು; ಅದನ್ನು ಚಿಪ್ ಹೊಳೆಯುವವರೆಗೆ ಒರೆಸಿದಳು. ಆಮೇಲೆ ಕೇಳಿದಳು: "ಅಕ್ಕ, ಇದಕ್ಕೆ ಪ್ಯಾಡ್ ಎಷ್ಟು ದಪ್ಪ?"

ಅಕ್ಕನಿಗೆ ಗೊತ್ತಿತ್ತು. ಈ ಹಳೆಯ ಕಾರ್ಡಿನಲ್ಲಿ ಸಣ್ಣ ಚಿಪ್‌ಗಳು ಸ್ವಲ್ಪ ಎತ್ತರ. ಹೊಸ ಕೂಲರಿನ ಜೊತೆ ಬಂದದ್ದು ಒಂದೂವರೆ ಮಿಲಿಮೀಟರಿನ ಪ್ಯಾಡ್. ಇಲ್ಲಿಗೆ ಬೇಕಾದದ್ದು ಒಂದು. ಇಂಥವೇ ಎರಡು ಕಾರ್ಡುಗಳಿಗೆ ಅವಳೇ ಹಿಂದೆ ಹೀಗೆ ಬದಲಿ ಕೂಲರ್ ಕೂರಿಸಿದ್ದಳು.

"ಪ್ಯಾಕೆಟ್ಟಲ್ಲಿ ಎಷ್ಟು ಬಂದಿದೆ?" ಎಂದಳು, ತಲೆ ಎತ್ತದೆ.

"ಒಂದೂವರೆ."

"ಮತ್ತೆ ಇನ್ನೇನು?"

ಸುಳ್ಳು ಹೇಳಲಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳಂತೆ. ಇದನ್ನೆಲ್ಲ ನನಗೆ ಹೇಳಿದವಳು ಅವಳೇ. ಹೇಳುವಾಗಲೂ ಆ ಮಾತನ್ನು ಬಿಡಲಿಲ್ಲ. ಕೂಲರ್ ಸರಿಯಾಗಿ ಕೂರದೆ ಕಾರ್ಡ್ ನಿಂತುಹೋಗಬೇಕು, ನಕ್ಷೆಯವರು ಬಂದು ಮುಖ ಗಂಟಿಕ್ಕಬೇಕು, ತಮ್ಮ "ಅಕ್ಕ, ನೀನೇ ನೋಡು" ಎನ್ನಬೇಕು. ಅವಳು ಬಯಸಿದ್ದು ಇಷ್ಟೇ. ನಿಂತ ಕಾರ್ಡ್ ಮತ್ತೆ ಏಳದೆಯೂ ಇರಬಹುದು ಎಂಬುದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಒಂದೊಂದು ಸುತ್ತು ಬಿಗಿದು ತಮ್ಮನ ಹೆಂಡತಿ ಕಾರ್ಡನ್ನು ಪರೀಕ್ಷೆಯ ಮೆಷಿನ್ನಿಗೆ ಹಾಕಿದಳು. ಫ್ಯಾನು ಸದ್ದಿಲ್ಲದೆ ತಿರುಗಿತು. ತಮ್ಮ ಬಂದು ನಿಂತ. ಪರದೆಯ ಮೂಲೆಯಲ್ಲಿ ಬಿಸಿಯ ಅಂಕಿ ಐವತ್ತು ತೋರಿಸಿತು, ಅರವತ್ತೆರಡಾಯಿತು. ಭಾರದ ಚಿತ್ರವೊಂದನ್ನು ಓಡಿಸಿದಾಗ ಎಪ್ಪತ್ತೊಂಬತ್ತಕ್ಕೆ ಏರಿತು.

"ಹೊಸ ಪೇಸ್ಟು, ಕೂತ್ಕೋಬೇಕು ಅನ್ಸುತ್ತೆ," ಎಂದ ತಮ್ಮ.

ಎಂಬತ್ತೆಂಟು. ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟಳು. ತೊಂಬತ್ತಮೂರು. ತಮ್ಮನ ಹೆಂಡತಿ ಫ್ಯಾನಿನ ವೈರು ಸರಿಯಿದೆಯೇ ಎಂದು ಬಗ್ಗಿ ನೋಡುತ್ತಿದ್ದಳು. ತೊಂಬತ್ತೇಳು. ಅಕ್ಕ ಎದ್ದವಳೇ ಗೋಡೆಯ ಪ್ಲಗ್ಗನ್ನು ಕಿತ್ತು ಎಳೆದಳು. ಕುರ್ಚಿ ಹಿಂದಕ್ಕೆ ಬಿತ್ತು.

"ಪ್ಯಾಡ್ ದಪ್ಪ ಆಯ್ತು," ಎಂದಳು. "ಒಂದು ಹಾಕಬೇಕು."

ತಮ್ಮ ಅವಳನ್ನು ನೋಡಿದ. "ಬಿಚ್ಚದೇನೇ ಹೇಗೆ ಗೊತ್ತಾಯ್ತು?"

ಆಗಲೂ ಒಂದು ದಾರಿಯಿತ್ತು. ಅನುಭವ ಎಂದಿದ್ದರೆ ಮುಗಿಯುತ್ತಿತ್ತು. ಅಕ್ಕ ಹಾಗೆನ್ನಲಿಲ್ಲ. "ಮೊದಲೇ ಗೊತ್ತಿತ್ತು. ಅವಳು ಕೇಳಿದಾಗಲೇ."

"ಚೆನ್ನಾಗಿದೆ!" ಎಂದ ತಮ್ಮ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ನಿಂಗೆ ಇವಳ ಮೇಲೆ ಸಿಟ್ಟಿದ್ರೆ ನಾಲ್ಕು ಬೈಯಬೇಕಿತ್ತು. ಆ ಮನುಷ್ಯನ ಹೊಟ್ಟೆಪಾಡು ಕಣಕ್ಕ ಅದು!"

ತಮ್ಮನ ಹೆಂಡತಿ ಕೂಗಾಡಲಿಲ್ಲ. ಕಾರ್ಡ್ ತಣ್ಣಗಾಗುವವರೆಗೆ ಕಾದು ಕೂಲರ್ ಬಿಚ್ಚಿದಳು. ದೊಡ್ಡ ಚಿಪ್ ಮೇಲಿನ ಪೇಸ್ಟ್ ಇಟ್ಟ ಹಾಗೇ ಗುಪ್ಪೆಯಾಗಿತ್ತು, ಕೂಲರ್ ಅದನ್ನು ಸೋಕಿದ್ದರೆ ಹೆಚ್ಚು. ತನ್ನ ಚೀಲದಿಂದ ಗುಲಾಬಿ ಬಣ್ಣದ ಮೇಣದ ತುಂಡು ತೆಗೆದಳು; ಕಚ್ಚಿಸಿ ಹಲ್ಲಿನ ಅಳತೆ ಹಿಡಿಯುವ ಮೇಣ. ಕಾಳಿನಷ್ಟು ಚೂರುಗಳನ್ನು ಸಣ್ಣ ಚಿಪ್‌ಗಳ ಮೇಲಿಟ್ಟು, ಪ್ಯಾಡಿಲ್ಲದ ಕೂಲರನ್ನು ಬಿಗಿದು, ಮತ್ತೆ ತೆಗೆದು, ಚಪ್ಪಟೆಯಾದ ಮೇಣವನ್ನು ಅಳತೆಯ ಇಕ್ಕಳದಲ್ಲಿ ಹಿಡಿದಳು. ಮಿಲಿಮೀಟರಿಗೆ ಕೂದಲೆಳೆ ಕಮ್ಮಿ. ಒಂದರ ಪ್ಯಾಡ್ ಒತ್ತಿ ಕೂರಲು ಅಷ್ಟೇ ಬೇಕು.

ಅಕ್ಕ ಅದನ್ನು ನೋಡುತ್ತ ನಿಂತಿದ್ದಳು. ಹದಿನೇಳು ವರ್ಷದಲ್ಲಿ ಅವಳಿಗೆ ಹೊಳೆಯದ ಉಪಾಯ ಅದು. ಹಳೆಯ ಪ್ಯಾಡ್ ಪುಡಿಯಾಗಿದ್ದರೂ ಇದರಿಂದ ದಪ್ಪ ತಿಳಿಯುತ್ತದೆ, ಬೆರಳು ಬೇಕಿಲ್ಲ.

"ಈ ಉಪಾಯ ಗೊತ್ತಿದ್ರೆ ಮೊದಲೇ ಮಾಡಬಹುದಿತ್ತಲ್ಲ?" ಎಂದಳು.

"ಮಾಡಬಹುದಿತ್ತು. ನೀವು ಹೇಳಿದ್ರಿ ಅಂತ ಅಳೀಲಿಲ್ಲ ಅಕ್ಕ."

ಒಂದು ಮಿಲಿಮೀಟರಿನ ಪ್ಯಾಡ್ ಹಾಕಿದ ಮೇಲೆ ಅಂಕಿ ಅರವತ್ತೇಳಕ್ಕೆ ಏರಿ ನಿಂತಿತು. ಸಂಜೆ ನಕ್ಷೆಯವರು ಬಂದು ಕಿವಿಯಿಟ್ಟು ಕೇಳಿ, "ಅಬ್ಬಾ, ಇದು ಓಡ್ತಿದೆಯಾ?" ಎಂದರು. ತಮ್ಮನ ಹೆಂಡತಿ ಬೆಳಗಿನದನ್ನು ಎತ್ತಲಿಲ್ಲ. "ಅಕ್ಕಾನೂ ಜೊತೇಲಿದ್ರು," ಎಂದಷ್ಟೇ ಹೇಳಿದಳು. ಈ ಉದಾರತನವನ್ನು ಅಕ್ಕ ಅವಳ ಕೈಚಳಕಕ್ಕಿಂತಲೂ ಹೆಚ್ಚು ದ್ವೇಷಿಸಿದಳು. ಬೈದಿದ್ದರೆ ಸರಿಹೋಗುತ್ತಿತ್ತು, ತಾನೂ ಬೈಯಬಹುದಿತ್ತು ಎಂದು ನನ್ನೊಡನೆ ಹೇಳಿದಳು.

ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಮೂವರೂ ಒಟ್ಟಿಗೇ ಊಟ ಮಾಡಿದರು, ಒಟ್ಟಿಗೇ ಅಂಗಡಿ ತೆರೆದರು. ಎರಡು ವಾರ ಕಳೆದ ಮೇಲೆ ಇನ್ನೊಂದು ಹಳೆಯ ಕಾರ್ಡ್ ಬಂತು. ಇದನ್ನು ಬಿಚ್ಚಿದವಳು ಅಕ್ಕನೇ. ಪ್ಯಾಡ್ ಗಟ್ಟಿಯಾಗಿತ್ತು, ಮುರಿದಿರಲಿಲ್ಲ. ಬೆರಳುಗಳ ನಡುವೆ ಹಿಡಿದು ಕಣ್ಣು ಮುಚ್ಚಿ, ಯಾರೂ ಕೇಳದಿದ್ದರೂ ಕೌಂಟರಿಗೆ ಕೇಳುವಂತೆ ಹೇಳಿದಳು: "ಎರಡು ತರಿಸೋ."

ತಮ್ಮ ಕೂಡಲೇ ಫೋನು ಮಾಡಿ ತರಿಸಲಿಲ್ಲ. ಬಾಗಿಲಿನವರೆಗೆ ಬಂದು ನಿಂತ. ಅವನಿಗೂ ಮುಜುಗರವಾಗಿತ್ತು.

"ಇರ್ಲಿ ಅಕ್ಕ," ಎಂದ. "ಅವಳು ಒಂದ್ಸಲ ಅಳೆದುಬಿಡ್ಲಿ."

ಅಕ್ಕ ಕಾರ್ಡನ್ನು ಮೇಜಿನ ಆಚೆ ತುದಿಗೆ ತಳ್ಳಿದಳು. ಅಳತೆ ಎರಡೇ ಬಂತು. ತಮ್ಮ ಎರಡರ ಪ್ಯಾಡ್ ತರಿಸಿದ. ಅದರ ಮುಂದಿನ ಕಾರ್ಡನ್ನೂ ಅಳೆದರು, ಅದರ ಮುಂದಿನದನ್ನೂ.