ಕೊಳಕೂರ ರಸ್ತೆಯಲ್ಲಿ ಯುರೋಪಿನ ಅಭ್ಯಾಸ

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಜೀಪು ಓಡಿಸುವವನು ಇನ್ನೊಬ್ಬನಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಜೇವರ್ಗಿಯಲ್ಲಿ ನನ್ನದು ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿ. ತೊಗರಿ ಹೂವಾಡುವ ಕಾಲಕ್ಕೆ ಔಷಧದ ಡಬ್ಬಿಗಳನ್ನು ಹೇರಿಕೊಂಡು ಹಳ್ಳಿಹಳ್ಳಿ ತಿರುಗುತ್ತಿದ್ದೆ. ಗುಂಡಿ ತಪ್ಪಿಸಲು ಹೊಲಕ್ಕಿಳಿಯುವುದು, ಹೊಲದ ಕೆಸರು ತಪ್ಪಿಸಲು ಮತ್ತೆ ಗುಂಡಿಗೇ ಬರುವುದು, ಇಷ್ಟೆಲ್ಲ ಮಾಡುವಾಗಲೂ ಒಂದು ಕೈ ಹಾರ್ನಿನ ಮೇಲೆಯೇ. ಹೀಗೆ ಊರು ಮುಟ್ಟಿದೆನೆಂದರೆ ಯಾವುದೋ ಕೋಟೆ ಗೆದ್ದವನ ಹಾಗೆ ಕೆಳಗಿಳಿಯುತ್ತಿದ್ದೆ.

ನನ್ನ ಹೆಂಡತಿ ಯಡ್ರಾಮಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ತೊಂಬತ್ತರ ದಶಕದ ಕೊನೆಯಲ್ಲಿ ಸಾಲಾಗಿ ಎರಡು ವರ್ಷ ತೊಗರಿ ಚೆನ್ನಾಗಿ ಬಂತು, ಅಂಗಡಿಯೂ ಚೆನ್ನಾಗಿ ನಡೆಯಿತು. ಒಂದು ಸಂಜೆ ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತಿದ್ದವಳು ಪೆನ್ನು ಕೆಳಗಿಟ್ಟು ಹೇಳಿದಳು: “ಇಪ್ಪತ್ತೆರಡು ವರ್ಷ ಆತ್ರಿ, ಆಲ್ಪ್ಸ್ ಪರ್ವತ, ರೈನ್ ನದಿ ಅಂತ ಕಲಿಸ್ಕೋತ ಬಂದೀನಿ. ಹ್ಯಾಂಗ ಇರ್ತಾವ್ರಿ ಟೀಚರ್ ಅಂತ ಹುಡುಗ್ರು ಕೇಳಿದ್ರ ಪುಸ್ತಕ ನೋಡಿ ಹೇಳ್ತೇನಿ. ಒಮ್ಮೆ ಕಣ್ಣೀಲೆ ನೋಡಬೇಕನ್ನಸ್ತದ.”

ಬಂಗಾರ, ಸೀರೆ ಎಂದು ಎಂದೂ ಬಾಯಿ ಬಿಡದವಳು ಕೇಳಿದ್ದು ಇದೊಂದೇ. ನಾನು ಆಗಲೇ ಒಪ್ಪಿಬಿಟ್ಟೆ. ದಸರಾ ರಜೆಗೆ ಯುರೋಪು. ಮರುವಾರವೇ ಗುಲ್ಬರ್ಗಾಕ್ಕೆ ಹೋಗಿ ಪ್ರವಾಸದ ಆಫೀಸಿನಿಂದ ಬಣ್ಣದ ಪುಸ್ತಕಗಳನ್ನು ತಂದೆ.

ಹೋಗುವುದಕ್ಕೆ ಎರಡು ದಾರಿಯಿದ್ದವು. ಒಂದು, ನಲವತ್ತು ಮಂದಿಯ ಜೊತೆ ಬಸ್ಸಿನಲ್ಲಿ ಕೂತು, ಗೈಡು ತೋರಿಸಿದ್ದನ್ನು ನೋಡಿ, ಅವನು ಹತ್ತು ಎಂದಾಗ ಹತ್ತಿ, ಇಳಿ ಎಂದಾಗ ಇಳಿಯುವುದು. ಇನ್ನೊಂದು, ಅಲ್ಲಿಯೇ ಬಾಡಿಗೆಗೆ ಕಾರು ತೆಗೆದುಕೊಂಡು ನಮ್ಮ ಮನಸ್ಸಿಗೆ ಬಂದ ಕಡೆ ಹೋಗುವುದು. ಕುರಿಯ ಹಿಂಡಿನ ಹಾಗೆ ಹೋಗುವವನಲ್ಲ ನಾನು. ಎರಡನೆಯ ಪುಸ್ತಕದ ಮುಖಪುಟದಲ್ಲಿ ಒಬ್ಬ ಗಂಡಸು ಕಪ್ಪು ಕನ್ನಡಕ ಹಾಕಿಕೊಂಡು, ಬೆಟ್ಟದ ರಸ್ತೆಯಲ್ಲಿ ಕೆಂಪು ಕಾರು ಓಡಿಸುತ್ತಿದ್ದ. ಆ ಗಂಡಸಿನ ಜಾಗದಲ್ಲಿ ನನ್ನನ್ನು ಕೂರಿಸಿಕೊಂಡು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಹೊಟ್ಟೆಯೊಂದು ಸ್ವಲ್ಪ ಮುಂದೆ ಬಂದಿತ್ತು, ಸ್ಟೇರಿಂಗಿನ ಹಿಂದೆ ಅದು ಕಾಣುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆದರೆ ನನಗೆ ಓಡಿಸುವ ಹುಚ್ಚು ಎಂದು ಹೆಂಡತಿಯ ಮುಂದೆ ಹೇಳಲು ನಾಚಿಕೆ. ಯೋಗ್ಯವಾದ ಒಂದು ನೆಪ ಬೇಕಿತ್ತು. ಅದು ಮನೆಯಲ್ಲೇ ಸಿಕ್ಕಿತು. ನಮ್ಮದು ಲಿಂಗಪೂಜೆಯ ಮನೆ. ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವರೆಗೆ ನನ್ನ ಹೆಂಡತಿ ಒಂದು ಗುಟುಕು ಚಹಾ ಸಹ ಕುಡಿಯುವವಳಲ್ಲ. ನನ್ನ ಪೂಜೆ ಎರಡು ನಿಮಿಷದ್ದು, ಅದರಲ್ಲೂ ಒಂದು ನಿಮಿಷ ಅಂಗಡಿಯ ಚಿಂತೆ. ಅವಳು ಕೂತಳೆಂದರೆ ಒಂದೂವರೆ ತಾಸು. ನಾನು ಏಳು ಗಂಟೆಗೆ ಎದ್ದು ನೋಡಿದಾಗ ಕಣ್ಣು ಮುಚ್ಚಿ ಕೂತಿರುತ್ತಿದ್ದಳು, ಏಳುವುದು ಎಂಟೂವರೆಗೆ. ಟೂರಿನ ಪುಸ್ತಕದಲ್ಲಾದರೋ ದಿನಾ ಬೆಳಿಗ್ಗೆ ಏಳೂವರೆಗೆ ಬಸ್ಸು ಹೊರಡುತ್ತದೆ, ಯಾರಿಗಾಗಿಯೂ ಕಾಯುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು.

“ನಿನ್ನ ಪೂಜಾಕ್ಕ ಅವ್ರು ಕಾಯಂಗಿಲ್ಲ” ಎಂದು ಪುಸ್ತಕವನ್ನು ಅವಳ ಮುಂದೆ ಹಿಡಿದೆ. “ನಮ್ಮ ಗಾಡಿ ನಮ್ಮ ಕೈಯಾಗ ಇದ್ರ ನೀ ಎಷ್ಟೊತ್ತರ ಕೂಡು. ನಿನ್ನ ಸಲುವಾಗೇ ನಾ ಇಷ್ಟೆಲ್ಲಾ ವಿಚಾರ ಮಾಡಾಕತ್ತೇನಿ.”

ಅವಳು ಎರಡೂ ಪುಸ್ತಕಗಳನ್ನು ನೋಡಿ ಮಡಚಿಟ್ಟಳು. “ಹಂಗಾದ್ರ ನಾ ಬರಂಗಿಲ್ರಿ. ನೀವಷ್ಟ ಹೋಗಿ ಬರ್ರಿ” ಎಂದಳು.

ನನ್ನ ಮೇಲೆ ಭಾರ ಹಾಕಬಾರದೆಂದು ಪಾಪ ಹಾಗೆ ಹೇಳುತ್ತಿದ್ದಾಳೆ ಎಂದುಕೊಂಡೆ. ಇಪ್ಪತ್ತೆರಡು ವರ್ಷದ ಆಸೆಯನ್ನು ಪೂಜೆಗಾಗಿ ಬಿಟ್ಟುಕೊಡಲು ತಯಾರಾದಳಲ್ಲ ಎಂದು ಕಣ್ಣಲ್ಲಿ ನೀರೂ ಬಂತು. ಅವಳನ್ನು ಕರೆದುಕೊಂಡೇ ಹೋಗುತ್ತೇನೆ, ಅಲ್ಲಿ ಕಾರು ಓಡಿಸುವುದು ನನಗೆ ಭಾರವೇ ಅಲ್ಲ ಎಂದು ತೋರಿಸುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿದೆ.

ಅಲ್ಲಿ ಗಾಡಿಗಳು ರಸ್ತೆಯ ಬಲಬದಿಗೆ ಹೋಗುತ್ತವೆ ಎಂಬುದು ಗೊತ್ತಿತ್ತು. ಅಭ್ಯಾಸ ಮಾಡಿದರೆ ಬರದ ವಿದ್ಯೆ ಯಾವುದಿದೆ? ಜೀಪು ರಿಪೇರಿ ಮಾಡುವ ಮಿಸ್ತ್ರಿಯ ಹತ್ತಿರ ಹೋಗಿ ಬ್ರೇಕು ಸರಿ ಮಾಡಿಸುತ್ತಾ ನನ್ನ ಯೋಜನೆ ಹೇಳಿದೆ. ಆತ ಜೀಪಿನ ಅಡಿಯಲ್ಲಿ ಮಲಗಿಕೊಂಡೇ ಎಲ್ಲ ಕೇಳಿದ.

“ಸಾವಕಾರ್ರ, ಆ ದೇಶದಾಗ ಹಾರ್ನ್ ಹೊಡಿಯಂಗಿಲ್ಲಂತ್ರಿ. ಖರೇ ಏನ್ರಿ?”

“ಖರೇ.”

“ಮತ್ತ ನೀವು ಹ್ಯಾಂಗ ನಡಸ್ತೀರಿ?” ಎಂದ. ಆತ ತಮಾಷೆ ಮಾಡಿದನೋ, ನಿಜವಾಗಿ ಚಿಂತೆಯಾಗಿ ಕೇಳಿದನೋ ಇವತ್ತಿಗೂ ನನಗೆ ತಿಳಿದಿಲ್ಲ. ಆತನ ಮುಖ ಜೀಪಿನ ಕೆಳಗಿತ್ತು.

ಗಾಡಿಗಳ ಓಡಾಟ ಕಡಿಮೆಯಿರುವ ಕೊಳಕೂರ ರಸ್ತೆಯನ್ನು ಅಭ್ಯಾಸಕ್ಕೆ ಆರಿಸಿಕೊಂಡೆ. ಮೂರು ದಿನ ಒಬ್ಬನೇ ಹೋಗಿ ಬಲಬದಿಗೆ ಓಡಿಸಿದೆ. ಎದುರಿಗೆ ಬಂದದ್ದು ಒಂದು ಸೈಕಲ್ಲು, ಎರಡು ಎಮ್ಮೆ. ಸೈಕಲ್ಲಿನವ ತಾನೇ ಇಳಿದು ನಿಂತ. ಎಮ್ಮೆಗಳಿಗೆ ಎಡ, ಬಲ ಎರಡೂ ಒಂದೇ. ಯುರೋಪು ಕೈವಶವಾಯಿತು ಎಂದು ಮನೆಗೆ ಬಂದೆ.

ಶ್ರಾವಣದ ಒಂದು ಐತವಾರ, ಅವಳ ಪೂಜೆ ಮುಗಿಯುವುದನ್ನೇ ಕಾದು, “ಬಾ, ಒಂದೀಟು ಸುತ್ತಾಡಿಕೊಂಡು ಬರೋಣು” ಎಂದು ಕರೆದುಕೊಂಡು ಹೋದೆ. ರಾತ್ರಿ ಮಳೆಯಾಗಿತ್ತು. ಹೊಲಗಳಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದರು. ಊರು ದಾಟಿದ ಮೇಲೆ ಜೀಪನ್ನು ಬಲಕ್ಕೆ ತಂದು, ಅವಳ ಮುಖ ನೋಡಿದೆ. ನಮ್ಮ ಜೀಪಿನ ಸ್ಟೇರಿಂಗು ಬಲಗಡೆ, ಅವಳು ಕೂತದ್ದು ಎಡಗಡೆ. ಹೀಗಾಗಿ ಎದುರಿನಿಂದ ಬರುವುದೆಲ್ಲ ಅವಳ ಮಗ್ಗುಲಿಗೇ ಬರುತ್ತದೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅವಳು ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

“ನೋಡು, ಇದು ಯುರೋಪಿನ ಪದ್ಧತಿ” ಎಂದೆ.

ತಿರುವಿನಲ್ಲಿ ಎತ್ತಿನ ಬಂಡಿಯೊಂದು ಬಂತು. ಅದು ತನ್ನ ಎಡಕ್ಕೆ, ಅಂದರೆ ನೇರ ನನ್ನ ಎದುರಿಗೆ. ಎತ್ತುಗಳು ಆ ಕಡೆ ಸರಿಯುತ್ತವೆ ಎಂದು ನಾನು, ನಾನು ಸರಿಯುತ್ತೇನೆ ಎಂದು ಬಂಡಿಯವನು. ಯುರೋಪನ್ನು ಮರೆತು ಹಾರ್ನ್ ಹೊಡೆದೆ. ಎತ್ತುಗಳು ಗಕ್ಕನೆ ನಿಂತುಬಿಟ್ಟವು. ನಾನು ಬಲಕ್ಕೆ ಎಳೆದೆ. ಜೀಪು ರಸ್ತೆ ಬಿಟ್ಟು ತೊಗರಿ ಹೊಲಕ್ಕಿಳಿದು, ಮಳೆ ಕುಡಿದ ಎರಿಮಣ್ಣಿನಲ್ಲಿ ಅರ್ಧ ಗಾಲಿ ಹೂತು ನಿಂತಿತು.

ಬಂಡಿಯ ರೈತ ಇಳಿದು ಬಂದ. ನನ್ನ ಅಂಗಡಿಯ ಗಿರಾಕಿಯೇ. “ಯಾಕ್ರಿ ಸಾವಕಾರ್ರ, ನಿದ್ದಿ ಹತ್ತಿತ್ತೇನ್ರಿ?”

ಯುರೋಪಿನಲ್ಲಿ ಹೀಗೆ ಬಲಕ್ಕೆ ಹೋಗುತ್ತಾರೆ, ಅದರ ಅಭ್ಯಾಸ ಮಾಡುತ್ತಿದ್ದೇನೆ ಎಂದು ಕೆಸರಿನಲ್ಲಿ ನಿಂತುಕೊಂಡೇ ವಿವರಿಸಿದೆ.

ಆತ ಪೂರ್ತಿ ಕೇಳಿ, “ಅಲ್ಲಿಗಿ ಹೋದಾಗ ಬಲಕ್ಕ ಹೋಗ್ರಿ. ಇದು ಕೊಳಕೂರ ರಸ್ತಾ ಅದರಿ” ಎಂದ. ಎತ್ತುಗಳನ್ನು ಬಿಚ್ಚಿ ಜೀಪಿಗೆ ಹಗ್ಗ ಕಟ್ಟಿ ಎಳೆಸಿಯೂ ನೋಡಿದ. ಜೀಪು ಅಲುಗಲಿಲ್ಲ. ನೆಲ ಒಣಗುವವರೆಗೆ ಬರುವುದಿಲ್ಲ ಎಂದು ಹೇಳಿ, ಮತ್ತೆ ಬಂಡಿ ಕಟ್ಟಿಕೊಂಡು ಹೋದ.

ಅಷ್ಟರಲ್ಲಿ ಕೊಳಕೂರ ಕಡೆಯಿಂದ ಕೆಂಪು ಬಸ್ಸು ಬಂತು. ನಾನು ಕೈ ಎತ್ತುವ ಮೊದಲೇ, ನನ್ನ ಹೆಂಡತಿಯನ್ನು ಕಂಡು ಅದು ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಇಳಿದೇ ಬಿಟ್ಟ. “ಬರ್ರಿ ಟೀಚರ್ರ, ಬರ್ರಿ. ಇದೇನ್ರಿ ಇಲ್ಲಿ?” ಎಂದು ಕಿಟಕಿಯ ಪಕ್ಕದ ಸೀಟು ಬಿಡಿಸಿಕೊಟ್ಟ. ನನ್ನನ್ನು ಕಣ್ಣಿಂದಲೇ ಅಳೆದು, ಕೆಸರು ಕಾಲು ಹೊರಗೇ ಝಾಡಿಸಿ ಹತ್ತಲು ಹೇಳಿದ.

ಆತ ಮೊದಲು ಯಡ್ರಾಮಿ ಬಸ್ಸಿನಲ್ಲಿ ಎಂಟು ವರ್ಷ ಇದ್ದವನಂತೆ. ಟಿಕೀಟು ಹರಿಯುತ್ತಾ ನನಗೆ ಹೇಳಿದ: “ಟೀಚರ್ ಸ್ಟ್ಯಾಂಡಿಗೆ ಬಂದು ನಿಂತ್ರ ನಾವು ಗಡಿಯಾರ ನೋಡ್ತಿರಲಿಲ್ರಿ. ಮಳಿ ಇರ್ಲಿ, ಥಂಡಿ ಇರ್ಲಿ, ಆರಕ್ಕ ಐದು ಮಿಂಟ್ ಇರಬೇಕಾದ್ರ ಹಾಜರ್. ಹಣಿ ಮ್ಯಾಲೆ ಈಬತ್ತಿ, ಕೈಯಾಗ ಡಬ್ಬಿ.”

ನಾನು ಹೆಂಡತಿಯ ಕಡೆ ತಿರುಗಿದೆ. “ಪೂಜಾ ಮಾಡಿಕೊಂಡೇ ಹೋಗ್ತಿದ್ದಿ ಏನು?”

“ಮತ್ತ? ನಾಕಕ್ಕ ಏಳ್ತೇನಿ. ನೀವು ಏಳೂ ಹೊತ್ತಿಗೆ ನಂದು ಅರ್ಧಾ ಹಾದಿ ಮುಗಿದಿರ್ತದ. ನೀವು ನೋಡಿದ್ದು ಐತವಾರದ ಪೂಜಾ ಅಷ್ಟ. ಅವತ್ತೊಂದ ದಿನ ಬಸ್ಸಿಗೆ ಓಡೂದಿಲ್ಲಂತ ಸಾವಕಾಶ ಕೂಡ್ತೇನಿ.”

“ಮತ್ತ ಪೂಜಾ ಸಲುವಾಗಿ ಬರಂಗಿಲ್ಲ ಅಂದಿ?”

“ಪೂಜಾ ಸಲುವಾಗಿ ಅಂತ ನಾ ಎಲ್ಲಿ ಅಂದೀನ್ರಿ? ಅದು ನೀವು ಅಂದದ್ದು.” ಕಂಡಕ್ಟರ್ ಮುಂದಿನ ಸೀಟಿಗೆ ಸರಿದ ಮೇಲೆ ದನಿ ತಗ್ಗಿಸಿ ಹೇಳಿದಳು: “ನಿಮ್ಮ ಜೀಪಿನ್ಯಾಗ ಕೂತ್ರ ನಾ ರಸ್ತಾ ಬಿಟ್ಟು ಬ್ಯಾರೆ ಏನೂ ನೋಡಂಗಿಲ್ರಿ. ಎಲ್ಲಿ ಬ್ರೇಕ್ ಹಾಕ್ತೀರಿ, ಎಲ್ಲಿ ಹಾಕಂಗಿಲ್ಲ, ಅದನ್ನ ನೋಡ್ಕೋತ ಕೂಡ್ತೇನಿ. ಅಷ್ಟು ದೂರ ಹೋಗಿ ರಸ್ತಾ ನೋಡಿಕೊಂಡು ಬರ್ಲೇನು? ಬಸ್ಸಿನ್ಯಾಗ ನನಗ ರೂಢಿ ಅದ. ಬಸ್ಸಿನ್ಯಾಗ ಕೂತ್ರ ಹೊರಗ ನೋಡ್ತೇನಿ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಒಂದೆರಡು ಮಾತು ತಿರುಗಿ ಆಡಿ ಹಗುರಾಗುತ್ತಿದ್ದೆ. ಹುಳದ ಔಷಧ ಹೇರಿಕೊಂಡು ಯಡ್ರಾಮಿಗೆ ನಾನು ಎಷ್ಟೋ ಸಲ ಹೋಗಿದ್ದೆ. ಜೀಪು ಮನೆಯ ಬಾಗಿಲಿಗೇ ನಿಂತಿರುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ, ಇವತ್ತು ನಾನು ಬಿಟ್ಟು ಬರುತ್ತೇನೆ ಕೂಡು ಎಂದು ಹೇಳಿರಲಿಲ್ಲ. ಆಗ ನಾನು ನಿದ್ದೆಯಲ್ಲಿರುತ್ತಿದ್ದೆ. ಅಂಥವನು ಅವಳ ಸಲುವಾಗಿ ಯುರೋಪಿನಲ್ಲಿ ಕಾರು ಓಡಿಸಲು ಹೊರಟಿದ್ದೆ. ನನಗೆ ಬಹಳ ನಾಚಿಕೆಯಾಯಿತು. ಜೇವರ್ಗಿ ಬರುವವರೆಗೆ ಒಣಗಿದ ಕೆಸರನ್ನು ಉಗುರಿನಿಂದ ಕೆರೆಯುತ್ತಾ ಕೂತೆ.

ಮರುದಿನ ಗುಲ್ಬರ್ಗಾಕ್ಕೆ ಹೋಗಿ ಟೂರಿಗೆ ಎರಡು ಹೆಸರು ಬರೆಸಿದೆ. ಬೆಳಿಗ್ಗೆ ಏಳೂವರೆ ಅಂದರೆ ಮೇಡಂಗೆ ತೊಂದರೆಯಾಗುತ್ತದೆ ಎಂದು ಫೋನಿನಲ್ಲಿ ಹೇಳಿದ್ದಿರಲ್ಲ ಎಂದು ಆಫೀಸಿನವನು ನೆನಪಿಸಿದ. ತೊಂದರೆ ಮೇಡಂಗಲ್ಲ ಎಂದಷ್ಟೇ ಹೇಳಿದೆ.

ಹೇಳಿದ್ದು ಸುಳ್ಳಾಗಲಿಲ್ಲ. ಯಾರಿಗೂ ಕಾಯದ ಆ ಬಸ್ಸು ಮೂರು ಬೆಳಿಗ್ಗೆ ಕಾದು ನಿಂತಿತು, ಮೂರೂ ಸಲ ನನಗಾಗಿ. ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಓಡಿ ಬಂದರೆ, ಅವಳು ಪೂಜೆ, ನಾಷ್ಟಾ ಮುಗಿಸಿ, ಕಿಟಕಿಯ ಪಕ್ಕದಲ್ಲಿ ಕೂತಿರುತ್ತಿದ್ದಳು. ನಲವತ್ತು ಮಂದಿ ನನ್ನನ್ನು ನೋಡುತ್ತಿದ್ದರು. ಪ್ರತಿ ತಿರುವಿಗೂ ನನ್ನ ಬಲಗಾಲು ಬಸ್ಸಿನ ನೆಲವನ್ನು ಬ್ರೇಕಿನ ಹಾಗೆ ಒತ್ತುತ್ತಿತ್ತು, ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ.

ಐದನೆಯ ದಿನ ಆಲ್ಪ್ಸ್ ಬೆಟ್ಟ ಹತ್ತಿದೆವು. ಗೈಡು ಮೈಕಿನಲ್ಲಿ ಏನೋ ಹೇಳುತ್ತಿದ್ದ, ಅವಳು ಕೇಳುತ್ತಿರಲಿಲ್ಲ. ಗಾಜಿಗೆ ಹಣೆ ತಾಗಿಸಿ ನೋಡುತ್ತಿದ್ದಳು. ವಿಭೂತಿಯ ಗುರುತು ಗಾಜಿನ ಮೇಲೆ ಮೂಡಿತ್ತು. ಹುಬ್ಬು ಸಡಿಲಾಗಿದ್ದವು, ಎರಡೂ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು, ಬಾಯಿ ಸ್ವಲ್ಪ ತೆರೆದಿತ್ತು. ಆ ಮುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಯಡ್ರಾಮಿ ಬಸ್ಸಿನವರು ಕಂಡಿರಬೇಕು.

ತಿರುಗಿ ನನ್ನನ್ನು ನೋಡಿದಳು. “ಜಾಗಾ ಬದಲಿ ಮಾಡೂಣೇನ್ರಿ? ನಿಮಗ ಅಲ್ಲಿಂದ ಏನೂ ಕಾಣಾಂಗಿಲ್ಲ.”

“ಬ್ಯಾಡ” ಎಂದೆ. “ನನಗ ಇಲ್ಲಿಂದನ ಛಲೋ ಕಾಣಾಕತ್ತದ.”