ಸಾವಿನ ಮೇಲೆ ಪುಸ್ತಕ ಮುಚ್ಚಬಾರದು

ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮೊದಲ ವರ್ಷ ಮುಗಿಸಿ, ಇದ್ದಿಲಿನ ಬಸ್ಸಿನ ಹೊಗೆ ಕುಡಿಯುತ್ತ ದೇವರಾಯಸಮುದ್ರಕ್ಕೆ ಬಂದಿಳಿದೆ. ಯುದ್ಧದ ಕಾಲ, ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಮುಳಬಾಗಿಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ ಖಾಲಿಯಿದೆಯೆಂದು ಸೋದರಮಾವ ಸುದ್ದಿ ತಂದು, ಮನೆಯಲ್ಲಿ ನನ್ನ ಹಣೆಬರಹವನ್ನು ಆಗಲೇ ಅರ್ಧ ಬರೆದಿದ್ದರು.

"ಬಿ.ಎ. ಆಗೈತಲ್ಲ, ಸಾಲ್ದಾ? ಇಂಗ್ಲಿಷ್‌ನೋರೇ ಗಂಟುಮೂಟೆ ಕಟ್ತಾವ್ರಂತೆ, ಇವನು ಅವರ ಪುಸ್ತಕ ಹಿಡ್ಕೊಂಡವ್ನೆ" ಎಂಬುದು ಅವರ ವಾದ. ಎರಡನೇ ವರ್ಷ ಓದದಿದ್ದರೆ ಮೊದಲನೆಯದೂ ದಂಡ ಎಂಬುದು ನನ್ನದು. ಅಪ್ಪ ಇಬ್ಬರಿಗೂ ತಲೆಯಾಡಿಸಿ, ಕೊನೆಗೆ ನನಗೆ ಹೇಳಿದರು:

"ಅಂಥಾದ್ದೇನು ಓದ್ತೀಯೋ, ಸಂಜೆ ಜಗಲೀಲಿ ಓದಿ ಅರ್ಥ ಹೇಳು. ಕೇಳಿ ಆಮೇಲೆ ಹೇಳ್ತೀನಿ."

ನಮ್ಮ ಜಗಲಿಯಲ್ಲಿ ಬೇಸಿಗೆಯ ಸಂಜೆ ಪುರಾಣ ಓದಿ ಅರ್ಥ ಹೇಳುವುದು ವಾಡಿಕೆ. ನಾನು ಆರಿಸಿದ್ದು ಮಾತ್ರ ದುರಂತ ನಾಟಕ. ಪ್ರೊಫೆಸರ ಪಾಠದಲ್ಲಿ ನನ್ನ ಮೈ ಜುಮ್ಮೆಂದಿತ್ತು. ಇವರಿಗೂ ಹಾಗೇ ಅನ್ನಿಸುತ್ತೇನೆ ಎಂಬ ಜಂಬ. ಒಂದು ಕೋಟೆಗಾಗಿ ಕಾದಾಡುವ ಅಣ್ಣ ತಮ್ಮಂದಿರ ಕಥೆ. ಇಂಗ್ಲಿಷಿನಲ್ಲಿ ಓದುವುದು, ಕನ್ನಡದಲ್ಲಿ ಹೇಳುವುದು, ತೆಲುಗು ಸೀಮೆಯಿಂದ ಬಂದ ಅಜ್ಜಿಗಾಗಿ ಮತ್ತೆ ತೆಲುಗಿನಲ್ಲಿ. ಅಕ್ಕಪಕ್ಕದವರೂ ಬಂದು ಕೂರತೊಡಗಿದರು. ನನಗೋ ಖುಷಿಯೋ ಖುಷಿ.

ಕೊನೆಯ ಸಂಜೆ ಅಣ್ಣ ತಮ್ಮನನ್ನು ಕೊಂದ, ಆಮೇಲೆ ತಾನೂ ಇರಿದುಕೊಂಡ. ನಾನು ಗತ್ತಿನಿಂದ ಪುಸ್ತಕ ಮುಚ್ಚಿದೆ.

"ಮುಯ್ಯೊದ್ದುರಾ!" ಎಂದು ಅಜ್ಜಿ ತೆಲುಗಿನಲ್ಲೇ ಕೂಗಿಕೊಂಡರು. "ಮುಚ್ಚಬೇಡ ಕಣೋ! ಮುಂದೆ ಓದು."

ಆಗ ನೆನಪಾಯಿತು. ಸಾವು ಬಂದ ಕಡೆ ಪುರಾಣ ನಿಲ್ಲಿಸುವಂತಿಲ್ಲ. ಒಂದು ಮದುವೆಯೋ, ಹುಟ್ಟೋ, ಪಟ್ಟಾಭಿಷೇಕವೋ ಬರುವ ತನಕ ಓದಿ, ಆರತಿ ಎತ್ತಿಯೇ ಏಳಬೇಕು. ಜಗಲಿಯ ಮೇಲೆ ಹೆಣ ಬಿಟ್ಟು ಯಾರು ಊಟಕ್ಕೆ ಹೋಗುತ್ತಾರೆ?

"ಮುಂದೆ ಇಲ್ಲ ಅಜ್ಜಿ. ಮುಗೀತು."

"ಪಟ್ಟಾಭಿಷೇಕ?"

"ಇಲ್ಲ."

"ತಮ್ಮನ ಹೆಂಡ್ತಿಗೆ ಮಗು?"

"ಮದುವೇನೇ ಆಗಿರಲಿಲ್ಲ."

ಮಾವನಿಗೆ ಇಷ್ಟೇ ಸಾಕಾಗಿತ್ತು. "ನೋಡಿದ್ರಾ ಭಾವ, ಮಂಗಳವೇ ಇಲ್ದಿರೋ ವಿದ್ಯೆ!"

ನನ್ನ ಎರಡನೇ ವರ್ಷ ನೀರುಪಾಲಾಯಿತು ಎಂದುಕೊಂಡೆ. ಮಂಗಳವಿಲ್ಲದಿರುವುದೇ ಈ ನಾಟಕದ ಹೆಚ್ಚುಗಾರಿಕೆ ಎಂದು ಪ್ರೊಫೆಸರ ಧಾಟಿಯಲ್ಲಿ ಶುರು ಮಾಡಿದೆ. ಅಜ್ಜಿಯ ಕಣ್ಣು ಒದ್ದೆಯಾಗಿರುವುದು ಕಂಡು ಪಾಠವನ್ನು ಅಲ್ಲಿಗೇ ಬಿಟ್ಟೆ. ಯಾರೂ ಏಳಲಿಲ್ಲ.

ಸೆರಗಿನಿಂದ ಮೂಗೊರೆಸಿಕೊಂಡು ಅಜ್ಜಿಯೇ ದಾರಿ ಹುಡುಕಿದರು. "ಮೊದಲನೇ ಪುಟ ತೆಗಿ. ಅಲ್ಲಿ ಇಬ್ರೂ ಬದುಕೇ ಅವ್ರಲ್ಲ, ಅದನ್ನ ಓದು."

ತೆಗೆದೆ. ಅಣ್ಣ ತಮ್ಮ ಬೇಟೆಯಿಂದ ನಗುತ್ತ ಬರುತ್ತಾರೆ. ಅಣ್ಣ ತನ್ನ ಕುದುರೆಯನ್ನು ತಮ್ಮನಿಗೆ ಕೊಟ್ಟು ತಾನು ನಡೆಯುತ್ತಾನೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಪುಟ. ಅವತ್ತು, ಕೊನೆ ಕೇಳಿದವರ ಮುಂದೆ, ಅದಕ್ಕೆ ಅರ್ಥ ಹೇಳುವುದು ಕಷ್ಟವಾಯಿತು. ಅಷ್ಟು ಮುಗಿದ ಮೇಲೆ ಅಜ್ಜಿ ಕರ್ಪೂರ ಹಚ್ಚಿ ಆ ಇಂಗ್ಲಿಷ್ ಪುಸ್ತಕಕ್ಕೆ ಆರತಿ ಎತ್ತಿದರು.

ಅಪ್ಪ ಆರತಿ ತೆಗೆದುಕೊಂಡು ಮಾವನ ಕಡೆ ತಿರುಗಿದರು. "ಕಚೇರಿ ಕೆಲಸಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಲಿ ಕಣಯ್ಯ, ಇವನು ಮೈಸೂರಿಗೆ ಹೋಗ್ಲಿ." ಆಮೇಲೆ ನನಗೆ ಹೇಳಿದರು: "ಮುಂದಿನ ರಜಕ್ಕೆ ಇನ್ನೊಂದು ತಗೊಂಡ್ ಬಾರೋ. ಕೊನೇಲಿ ಸತ್ರೆ ಸಾಯ್ಲಿ, ಮೊದಲನೇ ಪುಟ ಮಾತ್ರ ಚೆನ್ನಾಗಿರ್ಲಿ."